ಎಲ್ಲದಕ್ಕೂ ‘ಕೊಡು’ ಎಂದು ಬರೆದುಕೊಂಡರೆ ಇಂಗ್ಲಿಷ್ ಬಂದೀತೇ?

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಲಾಯರ್ ಆಗಬೇಕೆಂಬ ಆಸೆಯಿಂದ ಕ್ಲಾಟ್ ಎಂಬ ಕಾನೂನು ಪದವಿಯ ಪ್ರವೇಶ ಪರೀಕ್ಷೆಗೆ ಕೋಚಿಂಗ್ ಸೇರಿದ್ದಾಳೆ. ಅಲ್ಲಿ ವಾರವಾರ ‘ರೂಟ್ ವರ್ಡ್ಸ್’ ಎಂದು ಹಾಳೆ ಕೊಡುತ್ತಾರೆ. ಈ ಸಲದ ಹಾಳೆಯ ತಲೆಬರಹ ‘ಡೊ, ಡಾಟ್, ಡಿಟ್ = ಗಿವ್’. ಕೆಳಗೆ ಡೊನೇಟ್, ಡೋಸ್, ಎಡಿಟ್, ಟ್ರೆಡಿಷನ್, ಕ್ರೆಡಿಟ್, ಕಂಡಿಷನ್, ಡಾಕ್ಯುಮೆಂಟ್, ಡಾಮಿನೇಟ್ ಅಂತ ಉದ್ದದ ಪಟ್ಟಿ. ಎಲ್ಲದರ ಪಕ್ಕದಲ್ಲೂ ‘ಕೊಡು’ ಎಂದು ಬರೆದುಕೊಂಡು ಬಾಯಿಪಾಠ ಮಾಡುತ್ತಾಳೆ. ಆದರೆ ಮಾದರಿ ಪರೀಕ್ಷೆಯಲ್ಲಿ ತಪ್ಪಾಗುವುದು ಇವೇ ಪದಗಳು. ವಾಕ್ಯ ಬರೆಯಲು ಹೇಳಿದರೆ ‘ಐ ಡೊನೇಟೆಡ್ ಮೈ ಫ್ರೆಂಡ್ ಎ ಪೆನ್’, ‘ಮೈ ಅಂಕಲ್ ಬಿಸ್ಟೋಡ್ ಮಿ ಫೈವ್ ಹಂಡ್ರೆಡ್ ರುಪೀಸ್’ ಎಂದು ಬರೆದು ಬೈಸಿಕೊಂಡು ಬರುತ್ತಾಳೆ. ನಮ್ಮ ಯಜಮಾನರು ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ತೋರಿಸಿ, ‘ಡೊನೇಟ್ ಹುಟ್ಟಿದ್ದೇ ನಮ್ಮ ದಾನದಿಂದ, ಇಂಗ್ಲಿಷ್ ಬಂದಿದ್ದೇ ಸಂಸ್ಕೃತದಿಂದ, ಅದನ್ನು ಹಿಡಿದರೆ ಸಾಕು’ ಅನ್ನುತ್ತಾರೆ. ಈ ರೂಟ್ ಪದ್ಧತಿ ಮುಂದುವರಿಸಬೇಕೋ, ಬಿಟ್ಟುಬಿಡಬೇಕೋ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಹೆಣೆದುಕೊಂಡಿವೆ. ಹಾಳೆ ಸರಿಯಿದೆಯೇ, ವಾಟ್ಸ್‌ಆ್ಯಪ್ ಮಾತು ನಿಜವೇ, ಇಷ್ಟು ಓದಿದರೂ ಮಗಳಿಗೆ ಪದಗಳು ಯಾಕೆ ಕೈಗೆ ಹತ್ತುತ್ತಿಲ್ಲ? ಪದವಿ ತರಗತಿಗಳಿಗೆ, ಅದರಲ್ಲೂ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ, ಇಂಗ್ಲಿಷ್ ಕಲಿಸುತ್ತ ಬಂದ ನಾನು ಮೂರನೆಯದನ್ನೇ ಮುಖ್ಯ ಎಂದು ತಿಳಿದಿದ್ದೇನೆ. ಮಿಕ್ಕ ಎರಡನ್ನು ಮೊದಲು ಬಿಡಿಸಿಕೊಂಡರೆ ಅಲ್ಲಿಗೆ ಹೋಗುವುದು ಸುಲಭ.

ವಾಟ್ಸ್‌ಆ್ಯಪ್ ಮಾತಿನಲ್ಲಿ ಅರ್ಧ ನಿಜವಿದೆ. ‘ದಾನ’ಕ್ಕೂ ‘ಡೊನೇಟ್’ಗೂ ನೆಂಟಸ್ತಿಕೆ ಇದೆ, ಅದು ಆಕಸ್ಮಿಕವಲ್ಲ. ಸಂಸ್ಕೃತದಲ್ಲಿ ‘ಕೊಡುತ್ತೇನೆ’ ಎನ್ನಲು ‘ದದಾಮಿ’, ಗ್ರೀಕಿನಲ್ಲಿ ‘ದಿದೋಮಿ’, ಲ್ಯಾಟಿನ್ನಿನಲ್ಲಿ ‘ದೋ’. ಉಡುಗೊರೆಗೆ ಸಂಸ್ಕೃತದಲ್ಲಿ ‘ದಾನ’, ಲ್ಯಾಟಿನ್ನಿನಲ್ಲಿ ‘ದೋನುಮ್’. ಆದರೆ ಒಬ್ಬರು ಇನ್ನೊಬ್ಬರ ಮಗಳಲ್ಲ, ಇವರೆಲ್ಲ ಅಕ್ಕತಂಗಿಯರು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ 1786ರಲ್ಲಿ ಮಾತನಾಡಿದ ಬ್ರಿಟಿಷ್ ನ್ಯಾಯಾಧೀಶ, ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ ಹೇಳಿದ್ದು ಇದನ್ನೇ: ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ. ಇಂಗ್ಲಿಷ್ ಕೂಡ ಆ ಮನೆತನದ್ದೇ, ಆದರೆ ಬೇರೆ ಕವಲು. ಸಂಸ್ಕೃತದ, ಲ್ಯಾಟಿನ್ನಿನ ‘ದ’ಕಾರ ಇಂಗ್ಲಿಷಿನ ಹುಟ್ಟುಪದಗಳಲ್ಲಿ ‘ಟ’ಕಾರ ಆಗುತ್ತದೆ. ‘ದಶ’ ಅಲ್ಲಿ ‘ಟೆನ್’, ‘ದ್ವಿ’ ಅಲ್ಲಿ ‘ಟು’, ‘ದಂತ’ ಅಲ್ಲಿ ‘ಟೂತ್’. ಹಾಗಿದ್ದ ಮೇಲೆ ‘ಡೊನೇಟ್’ ‘ಡ’ದಿಂದ ಶುರುವಾಗುವುದೇ ಅದು ಮನೆಯ ಪದವಲ್ಲ, ಲ್ಯಾಟಿನ್ನಿನಿಂದ ತಂದದ್ದು ಎಂಬುದಕ್ಕೆ ಗುರುತು. ‘ಡೊನೇಷನ್’ ಮೊದಲು ಬಂತು. ‘ಡೊನೇಟ್’ ಎಂಬ ಕ್ರಿಯಾಪದ ಅದರಿಂದ ಎಷ್ಟೋ ಕಾಲದ ಮೇಲೆ ಹುಟ್ಟಿ, ಅಮೆರಿಕದಲ್ಲಿ ಬಳಕೆಗೆ ಬಂದದ್ದು. ಇಂಗ್ಲಿಷಿನ ಸ್ವಂತ ಪದ ‘ಗಿವ್’. ಅದಕ್ಕೂ ದಾನಕ್ಕೂ ಸಂಬಂಧವೇ ಇಲ್ಲ. ಇವತ್ತು ಅದನ್ನು ‘ಗ’ಕಾರದಿಂದ ಉಚ್ಚರಿಸುವುದು ಕೂಡ ಉತ್ತರ ಯುರೋಪಿನಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ವೈಕಿಂಗರ ನುಡಿಯ ಪ್ರಭಾವ. ಅದಿಲ್ಲದಿದ್ದರೆ ‘ಯಿವ್’ ಎಂಬಂತೆ ಹೇಳುತ್ತಿದ್ದರು, ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನ ಬರಹದಲ್ಲಿ ಆ ರೂಪವೇ ಸಿಗುತ್ತದೆ.

ನಮ್ಮ ‘ಕೊಡು’ ಕೂಡ ಈ ಮನೆತನಕ್ಕೆ ಸೇರಿದ್ದಲ್ಲ. ಅದು ಅಚ್ಚ ದ್ರಾವಿಡ. ಹಳಗನ್ನಡದಲ್ಲಿ ‘ಕುಡು’ ಇತ್ತು, ‘ಈ’ ಎಂಬ ಇನ್ನೊಂದು ಧಾತುವೂ ಇತ್ತು. ‘ಇತ್ತನು’, ‘ಈವನು’ ಎಂಬ ರೂಪಗಳು ಅದರವು. ದಾನ, ದತ್ತಿ, ದತ್ತು ನಮ್ಮಲ್ಲಿಗೆ ಸಂಸ್ಕೃತದಿಂದ ಬಂದವು, ಡೊನೇಷನ್ ಇಂಗ್ಲಿಷಿಗೆ ಲ್ಯಾಟಿನ್ನಿನಿಂದ ಬಂದಂತೆ. ಹಾಗಾಗಿ ಸಂಸ್ಕೃತ ಹಿಡಿದರೆ ಇಂಗ್ಲಿಷ್ ತಾನಾಗಿ ಬರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಆದರೆ ನೆನಪಿಗೆ ಆಸರೆಯಾಗಿ ಈ ನೆಂಟಸ್ತಿಕೆ ಬಹಳ ಒಳ್ಳೆಯದು. ‘ಡೇಟಾ’ ಎಂದರೆ ಲ್ಯಾಟಿನ್ನಿನಲ್ಲಿ ‘ಕೊಟ್ಟವು’, ಅಂದರೆ ನಮ್ಮ ‘ದತ್ತ’. ಕನ್ನಡದಲ್ಲಿ ಅದನ್ನು ‘ದತ್ತಾಂಶ’ ಎಂದು ಕರೆದವರು ಸಾವಿರಾರು ವರ್ಷಗಳ ಹಿಂದೆ ಬೇರೆಯಾದ ಅಕ್ಕತಂಗಿಯರನ್ನು ಒಂದೇ ಜಗಲಿಯಲ್ಲಿ ಕೂರಿಸಿದರು. ‘ಎಂಡೋಮೆಂಟ್’ ಕೂಡ ಅದೇ ಮೂಲದ್ದು, ನಮ್ಮ ‘ದತ್ತಿ’ಯೂ ಅದೇ ಮೂಲದ್ದು. ನೀವು ಮುಜರಾಯಿ ಎಂದು ಕರೆಯುವ ಧಾರ್ಮಿಕ ದತ್ತಿ ಇಲಾಖೆಯ ಇಂಗ್ಲಿಷ್ ಹೆಸರಿನಲ್ಲಿ ಈ ಪದವಿದೆ. ಮಗಳಿಗೆ ತೋರಿಸಿ, ಮರೆಯುವುದಿಲ್ಲ.

ಇನ್ನು ಹಾಳೆಯ ವಿಷಯ. ನೀವು ಬರೆದ ಎಂಟು ಪದಗಳಲ್ಲಿ ನಾಲ್ಕು ಅಲ್ಲಿ ಇರಲೇಬಾರದು. ‘ಡಾಮಿನೇಟ್’ ಬಂದದ್ದು ಮನೆ ಎಂಬರ್ಥದ ಪದದಿಂದ. ಮನೆಯ ಯಜಮಾನನಿಂದ ಯಜಮಾನಿಕೆ. ನಮ್ಮ ‘ದಂಪತಿ’ಯ ಮೊದಲ ಭಾಗ ಅದರ ನೆಂಟ. ‘ಡಾಕ್ಯುಮೆಂಟ್’ ಕಲಿಸು ಎಂಬುದರಿಂದ, ‘ಕಂಡಿಷನ್’ ಹೇಳು, ಮಾತಾಡಿಕೊಳ್ಳು ಎಂಬುದರಿಂದ. ಹಾಗಾಗಿಯೇ ಕಂಡಿಷನ್ ಎಂದರೆ ಮಾತಾಡಿಕೊಂಡ ಷರತ್ತು. ‘ಕ್ರೆಡಿಟ್’ ವಿಷಯ ಇನ್ನೂ ಸೊಗಸಾಗಿದೆ. ಅದು ನಮ್ಮ ‘ಶ್ರದ್ಧಾ’ ಪದದ ಒಡಹುಟ್ಟು. ಎರಡರ ಅರ್ಥವೂ ಮೂಲದಲ್ಲಿ ‘ಮನಸ್ಸು ಇಡು’. ಸಾಲ ಕೊಡುವವನು ಹಣ ಕೊಡುವ ಮೊದಲು ನಂಬಿಕೆ ಇಡುತ್ತಾನಲ್ಲ, ಪದ ಅಲ್ಲಿಂದ ಹೊರಟಿದೆ. ಹೀಗೆ ‘ಡಿಟ್’, ‘ಡಿಷನ್’ ಎಂಬ ಒಂದೇ ತರಹದ ಬಾಲದ ಹಿಂದೆ ಕೊಡು, ಇಡು, ಹೇಳು ಎಂಬ ಮೂರು ಬೇರೆ ಬೇರೆ ಮೂಲಗಳಿವೆ. ಅಕ್ಷರ ನೋಡಿ ಮೂಲ ಹೇಳಲು ಹೊರಟರೆ ಎಡವುವುದು ಇಲ್ಲಿಯೇ. ಯಾರೋ ಮಾಡಿದ ಪಟ್ಟಿ ಕೈಯಿಂದ ಕೈಗೆ ನಕಲಾಗುತ್ತ ಬರುತ್ತದೆ, ನಿಘಂಟು ತೆರೆದು ಪರೀಕ್ಷಿಸುವವರು ಇರುವುದಿಲ್ಲ.

ಪಟ್ಟಿಯಲ್ಲಿ ಉಳಿದವು ನಿಜವಾಗಿ ‘ಕೊಡು’ವಿನ ಮಕ್ಕಳು. ಆದರೆ ಅವುಗಳ ಪಕ್ಕದಲ್ಲಿ ಬರೀ ‘ಕೊಡು’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಏನನ್ನು, ಯಾರಿಗೆ, ಯಾವ ಸಂದರ್ಭದಲ್ಲಿ ಕೊಟ್ಟದ್ದು ಎಂದು ಕೇಳಿದಾಗ ಪದ ಬಾಯಿ ಬಿಡುತ್ತದೆ. ‘ಡೋಸ್’ ಗ್ರೀಕ್ ವೈದ್ಯರು ಒಂದು ಸಲಕ್ಕೆ ಕೊಟ್ಟ ಮದ್ದು. ‘ಆಂಟಿಡೋಟ್’ ವಿಷಕ್ಕೆ ಎದುರಾಗಿ ಕೊಟ್ಟದ್ದು. ಜರ್ಮನ್ ಭಾಷೆಯಲ್ಲಿ ‘ಗಿಫ್ಟ್’ ಎಂದರೆ ಇವತ್ತು ವಿಷ. ಆ ಗ್ರೀಕ್ ಪದದ ಜಾಡಿನಲ್ಲೇ ‘ಕೊಟ್ಟದ್ದು’ ಎಂಬ ಪದ ಅಲ್ಲಿ ಹಾಗೆ ತಿರುಗಿತು. ಕೈಮದ್ದಿನ ಭಯ ಗೊತ್ತಿರುವ ನಮ್ಮ ಹಳ್ಳಿಗಳಿಗೆ ಇದು ವಿಚಿತ್ರ ಅನ್ನಿಸಲಾರದು, ನಮ್ಮಲ್ಲೂ ಮದ್ದು ಎಂಬುದು ಕಾಯಿಲೆ ವಾಸಿ ಮಾಡುವುದೂ ಹೌದು, ಊಟದಲ್ಲಿ ಬೆರೆಸಿ ಕೆಡುಕು ಮಾಡುವುದೂ ಹೌದು. ‘ಎಡಿಟ್’ ಎಂದರೆ ಹೊರಗೆ ಕೊಡು, ಪ್ರಕಟಿಸು. ‘ಅನೆಕ್‌ಡೋಟ್’ ಇನ್ನೂ ಹೊರಗೆ ಕೊಡದ, ಗುಟ್ಟಾಗಿ ಉಳಿದ ಸಂಗತಿ. ‘ವೆಂಡರ್’ ಮಾರಾಟಕ್ಕೆ ಕೊಡುವವನು. ‘ಡೇಟ್’ ಎಂಬ ತಾರೀಖು ಕೂಡ ಇಲ್ಲಿಯದೇ (ತಿನ್ನುವ ಖರ್ಜೂರದ ‘ಡೇಟ್’ ಬೇರೆ, ಅದು ಗ್ರೀಕಿನ ಬೆರಳು). ರೋಮನ್ನರು ಪತ್ರದ ಕೊನೆಯಲ್ಲಿ ‘ರೋಮಿನಲ್ಲಿ ಇಂಥ ದಿನ ಕೊಟ್ಟದ್ದು’ ಎಂದು ಬರೆಯುತ್ತಿದ್ದರು, ಆ ‘ಕೊಟ್ಟದ್ದು’ ಎಂಬುದೇ ಕ್ರಮೇಣ ತಾರೀಖಿನ ಹೆಸರಾಯಿತು. ನಿಮ್ಮ ಮಗಳು ಲಾಯರ್ ಆದ ಮೇಲೆ ನೋಡುವ ಕೋರ್ಟಿನ ಸಮನ್ಸಿನಲ್ಲಿ ಆ ಪದ್ಧತಿ ಇನ್ನೂ ಜೀವಂತವಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ನಮೂನೆಗಳಲ್ಲಿ ‘ಗಿವನ್ ಅಂಡರ್ ಮೈ ಹ್ಯಾಂಡ್ ಆ್ಯಂಡ್ ದ ಸೀಲ್ ಆಫ್ ದ ಕೋರ್ಟ್’ ಎಂದು ಬರೆದು ಮುಂದೆ ದಿನಾಂಕಕ್ಕೆ ಜಾಗ ಬಿಟ್ಟಿರುತ್ತಾರೆ.

‘ಟ್ರೆಡಿಷನ್’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದರ ಲ್ಯಾಟಿನ್ ರೂಪಕ್ಕೆ ದಾಟಿಸಿ ಕೊಡುವುದು, ಒಪ್ಪಿಸುವುದು ಎಂದರ್ಥ. ನಮ್ಮ ‘ಸಂಪ್ರದಾಯ’ವನ್ನು ಬಿಡಿಸಿದರೂ ಸಿಗುವುದು ಅದೇ ‘ದಾ’ ಧಾತು, ಅದೇ ಒಪ್ಪಿಸುವ ಅರ್ಥ. ತಲೆಮಾರಿನಿಂದ ತಲೆಮಾರಿಗೆ ಒಪ್ಪಿಸಿದರೆ ಟ್ರೆಡಿಷನ್. ಹಗೆಯ ಕೈಗೆ ಒಪ್ಪಿಸಿದರೆ? ಅದೇ ಲ್ಯಾಟಿನ್ ಪದ ಫ್ರೆಂಚಿನ ದಾರಿಯಲ್ಲಿ ಸವೆದು ‘ಟ್ರೀಸನ್’ ಆಯಿತು, ರಾಜದ್ರೋಹ. ‘ಟ್ರೇಟರ್’, ‘ಬಿಟ್ರೇ’ ಅದರ ಜೊತೆಯವು. ಕ್ರಿ.ಶ. 303ರಲ್ಲಿ ರೋಮನ್ ಚಕ್ರವರ್ತಿ ಡಯೋಕ್ಲೀಷನ್ ಕ್ರೈಸ್ತರ ಮೇಲೆ ದಮನ ನಡೆಸಿದಾಗ, ಉತ್ತರ ಆಫ್ರಿಕದಲ್ಲಿ ಕೆಲವರು ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳ ಕೈಗೆ ಕೊಟ್ಟರು. ಉಳಿದ ಕ್ರೈಸ್ತರು ಅವರನ್ನು ‘ಟ್ರಾಡಿಟೋರೆಸ್’, ಒಪ್ಪಿಸಿದವರು, ಎಂದು ಜರೆದರು. ಕನ್ನಡದವರಿಗೆ ಈ ತಿರುವು ಹೊಸದಲ್ಲ. ನಾವು ಗುಟ್ಟನ್ನು ‘ಬಿಟ್ಟುಕೊಡುತ್ತೇವೆ’, ಸ್ನೇಹಿತನನ್ನು ‘ಬಿಟ್ಟುಕೊಡುವುದಿಲ್ಲ’. ಇಂಗ್ಲಿಷಿನವರು ಅದನ್ನೇ ‘ಗಿವ್ ಅವೇ’ ಅನ್ನುತ್ತಾರೆ.

ಹಾಳೆಯಲ್ಲಿ ಇಲ್ಲದ, ಆದರೆ ಕಾನೂನು ಓದುವವರಿಗೆ ಬೇಕಾದ ಕೊಡುವ ಪದಗಳೂ ಬಹಳ ಇವೆ. ‘ಗ್ರಾಂಟ್’ ಕ್ರೆಡಿಟ್ ಜೊತೆಯದು, ನಂಬಿಕೆಯಿಂದ ಬಂದದ್ದು. ‘ಪ್ರೊವೈಡ್’ ಮುಂದಾಲೋಚಿಸಿ ನೋಡು ಎಂಬುದರಿಂದ. ‘ಇಮ್ಯೂನಿಟಿ’, ‘ಮುನಿಸಿಪಲ್’, ‘ರೆಮ್ಯೂನರೇಷನ್’ ಮೂರರಲ್ಲೂ ಅಡಗಿರುವ ಲ್ಯಾಟಿನ್ ಪದಕ್ಕೆ ಕಾಣಿಕೆ ಎಂದೂ ಅರ್ಥ, ಊರಿಗೆ ಸಲ್ಲಿಸಬೇಕಾದ ಕರ್ತವ್ಯ ಎಂದೂ ಅರ್ಥ. ಆ ಹೊರೆಯಿಂದ ವಿನಾಯಿತಿ ಸಿಕ್ಕರೆ ಇಮ್ಯೂನಿಟಿ.

ಈಗ ಮಗಳ ತೊಡಕಿಗೆ ಬರೋಣ. ಅವಳಿಗೆ ಬುದ್ಧಿ ಸಾಲದು, ಇಂಗ್ಲಿಷ್ ಸಾಲದು ಎಂದು ದಯವಿಟ್ಟು ತಿಳಿಯಬೇಡಿ. ಅವಳ ಕನ್ನಡವನ್ನು ಯಾರೂ ಕೆಲಸಕ್ಕೆ ಹಚ್ಚಿಲ್ಲ, ಅಷ್ಟೇ. ಕೊಡುವುದರಲ್ಲಿ ಎಷ್ಟು ಬಗೆ ಎಂದು ಅವಳಿಗೆ ಹುಟ್ಟಿನಿಂದ ಗೊತ್ತು. ದೇವರಿಗೆ ಭಿಕ್ಷೆ ಹಾಕಿದೆ ಎಂದು ಅವಳು ಎಂದೂ ಹೇಳಳು, ಭಿಕ್ಷುಕನಿಗೆ ಕಾಣಿಕೆ ಅರ್ಪಿಸಿದೆ ಎಂದೂ ಹೇಳಳು. ಮದುವೆಯಲ್ಲಿ ಮಾಡುವ ಮುಯ್ಯಿ ನಾಳೆ ತಿರುಗಿ ಬರಬೇಕಾದದ್ದು, ಅದಕ್ಕೇ ಮನೆಯಲ್ಲಿ ಪಟ್ಟಿ ಬರೆದಿಡುತ್ತೀರಿ. ಗೌರಿ ಹಬ್ಬದ ಬಾಗಿನ, ತವರಿನ ಬಳುವಳಿ, ಗೆದ್ದವರ ಬಹುಮಾನ, ಅರಸರ ಕಾಲದ ಉಂಬಳಿ ಎಲ್ಲಕ್ಕೂ ಕೊಡುವವರು ಯಾರು, ಪಡೆಯುವವರು ಯಾರು ಎಂಬುದು ಆ ಪದದಲ್ಲೇ ಕಟ್ಟಿಕೊಂಡಿದೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲೇ ನೋಡಿ. ಹೋರಾಟದಲ್ಲಿ ಶೌರ್ಯ ತೋರಿದ ವಿಜ ಅರಸನಿಗೆ ಪಲ್ಮಡಿ, ಮೂಳುವಳ್ಳಿ ಎಂಬ ಊರುಗಳನ್ನು ‘ಕೊಟ್ಟಾರ್’ ಎಂದು ಬರೆದವರು ಸುಮ್ಮನೆ ಕೊಟ್ಟರು ಎಂದು ಬಿಡಲಿಲ್ಲ, ‘ಬಾಳ್ಗಳ್ಚು’ ಎಂಬ ಹೆಸರು ಸೇರಿಸಿದರು. ವೀರನ ಕತ್ತಿ ತೊಳೆದು ಕೊಡುವ ಕೊಡುಗೆಗೆ ಆ ಹೆಸರು.

ಸಂಸ್ಕೃತದ ವೈಯಾಕರಣರೂ ಇದನ್ನು ಚರ್ಚಿಸಿದ್ದಾರೆ. ಬ್ರಾಹ್ಮಣನಿಗೆ ಹಸು ಕೊಡುವುದು ‘ಸಂಪ್ರದಾನ’, ಅಲ್ಲಿ ಚತುರ್ಥಿ ವಿಭಕ್ತಿ. ಒಗೆಯುವವನಿಗೆ ಬಟ್ಟೆ ಕೊಡುವುದು ಹಾಗಲ್ಲ, ಅಲ್ಲಿ ಷಷ್ಠಿ ಹಾಕಬೇಕು, ಏಕೆಂದರೆ ಬಟ್ಟೆ ತಿರುಗಿ ಬರುತ್ತದೆ, ಒಡೆತನ ದಾಟುವುದಿಲ್ಲ. ಒಡೆತನ ದಾಟಿತೇ ಇಲ್ಲವೇ ಎಂಬ ಈ ಪ್ರಶ್ನೆ ಇವತ್ತಿನ ಕಾನೂನಿನಲ್ಲೂ ಜೀವಾಳ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 122ನೆಯ ಕಲಮು ‘ಗಿಫ್ಟ್’ ಎಂದರೇನು ಎಂದು ಹೇಳುತ್ತದೆ: ಸ್ವಇಚ್ಛೆಯಿಂದ, ಪ್ರತಿಫಲವಿಲ್ಲದೆ ಕೊಟ್ಟಿರಬೇಕು, ಪಡೆಯುವವನು ಒಪ್ಪಿರಬೇಕು, ಆ ಒಪ್ಪಿಗೆ ಕೊಡುವವನು ಬದುಕಿರುವಾಗಲೇ ಆಗಿರಬೇಕು. ಸತ್ತ ಮೇಲೆ ಸಲ್ಲುವಂತೆ ವಿಲ್ ಬರೆದು ಕೊಟ್ಟರೆ ಅದು ‘ಬಿಕ್ವೀತ್’. ಕೇಳಿಕೊಂಡವರಿಗೆ ಅಧಿಕಾರವುಳ್ಳವರು ಕೊಟ್ಟರೆ ‘ಗ್ರಾಂಟ್’, ಜಾಮೀನಿಗೆ ಬಳಸುವುದು ಇದನ್ನೇ. ತೂಗಿ ನೋಡಿ ತೀರ್ಮಾನಿಸಿ ಕೊಟ್ಟರೆ ‘ಅವಾರ್ಡ್’. ಕಾಯ್ದೆಯು ಅಧಿಕಾರ ಕೊಟ್ಟರೆ ‘ಕನ್‌ಫರ್’. ಒತ್ತಡಕ್ಕೆ ಮಣಿದು ನೆಲ ಬಿಟ್ಟುಕೊಟ್ಟರೆ ‘ಸೀಡ್’, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ರಾಜ್ಯದ ಸುಮಾರು ಅರ್ಧವನ್ನು ಬಿಟ್ಟುಕೊಟ್ಟ ಹಾಗೆ. ಹತ್ತು ಜನರ ಜೊತೆ ತನ್ನ ಪಾಲು ಸೇರಿಸಿದರೆ ‘ಕಾಂಟ್ರಿಬ್ಯೂಟ್’.

ಹೀಗೆ ನೋಡಿದರೆ ಅವಳ ವಾಕ್ಯಗಳು ಯಾಕೆ ತಪ್ಪು ಎಂದು ಅವಳೇ ಹೇಳಬಲ್ಲಳು. ‘ಡೊನೇಟ್’ ಮಾಡುವುದು ಸಂಸ್ಥೆಗೆ, ಒಳ್ಳೆಯ ಕಾರ್ಯಕ್ಕೆ, ರಕ್ತನಿಧಿಗೆ. ಗೆಳತಿಗೆ ಪೆನ್ನು ಕೊಟ್ಟರೆ ಬರೀ ‘ಗೇವ್’ ಸಾಕು. ‘ಬಿಸ್ಟೋ’ ಮೇಲಿನವರು ಗೌರವಪೂರ್ವಕವಾಗಿ ಕರುಣಿಸುವುದು, ಬಿರುದು ಪ್ರಶಸ್ತಿಗಳ ಜಾಗದಲ್ಲಿ ಬರುವ ಪದ. ಚಿಕ್ಕಪ್ಪ ಕೊಟ್ಟ ಐನೂರು ರೂಪಾಯಿಗೆ ಅದು ಭಾರ. ಇದರ ಜೊತೆಗೆ ವ್ಯಾಕರಣದ ಒಂದು ತೊಡಕೂ ಇದೆ. ಕನ್ನಡದಲ್ಲಿ ಯಾವ ಕೊಡುವ ಪದವಾದರೂ ಪಡೆಯುವವರಿಗೆ ‘ಗೆ’ ಹಚ್ಚಿದರೆ ಮುಗಿಯಿತು. ಇಂಗ್ಲಿಷಿನಲ್ಲಿ ‘ಗಿವ್’, ‘ಸೆಂಡ್’, ‘ಲೆಂಡ್’ನಂಥ ಚಿಕ್ಕ ಮನೆಪದಗಳು ‘ಗಿವ್ ಹರ್ ಎ ಬುಕ್’ ಎಂಬ ಜೋಡಣೆಯನ್ನು ಒಪ್ಪುತ್ತವೆ. ಲ್ಯಾಟಿನ್ನಿನಿಂದ ಬಂದ ಉದ್ದ ಪದಗಳು ಹೆಚ್ಚಾಗಿ ಒಪ್ಪುವುದಿಲ್ಲ: ‘ಡೊನೇಟ್ ಬುಕ್ಸ್ ಟು ದ ಲೈಬ್ರರಿ’, ‘ಕನ್‌ಫರ್ ಎ ಟೈಟಲ್ ಆನ್ ಹರ್’, ‘ಎಂಡೋ ಹರ್ ವಿತ್ ಟ್ಯಾಲೆಂಟ್’. ‘ಬಿಸ್ಟೋ’ ಲ್ಯಾಟಿನ್ ಪದವಲ್ಲದಿದ್ದರೂ ‘ಆನ್’ ಬೇಡುತ್ತದೆ. ‘ಗ್ರಾಂಟ್’, ‘ಅವಾರ್ಡ್’, ‘ಆಫರ್’ ಹೊರಗಿನಿಂದ ಬಂದರೂ ಚಿಕ್ಕ ಪದಗಳ ದಾರಿಯಲ್ಲೇ ನಡೆಯುತ್ತವೆ. ಹಾಗಾಗಿ ಪದವನ್ನು ಅದರ ಬೆನ್ನಿಗಿರುವ ‘ಟು’, ‘ಆನ್’, ‘ವಿತ್’ ಸಮೇತ ಕಲಿಯಬೇಕು.

ಕನ್ನಡದೊಳಗೆ ಸೇರಿಕೊಂಡ ಇಂಗ್ಲಿಷ್ ಪದವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ‘ಕಾಲೇಜಿನವರು ಡೊನೇಷನ್ ಎಷ್ಟು ಕೇಳಿದರು’ ಎಂದು ನಾವು ಕೇಳುವ ಡೊನೇಷನ್, ಕರ್ನಾಟಕವು 1984ರಲ್ಲಿ ಕಾಯ್ದೆ ಮಾಡಿ ನಿಷೇಧಿಸಿದ ಕ್ಯಾಪಿಟೇಷನ್ ಶುಲ್ಕ. ಅದರಲ್ಲಿ ಒತ್ತಾಯವಿದೆ. ಇಂಗ್ಲಿಷ್ ಪದದ ಜೀವ ಇರುವುದು ಸ್ವಇಚ್ಛೆಯಲ್ಲಿ. ಪರೀಕ್ಷೆಯ ಗದ್ಯಭಾಗದಲ್ಲಿ ‘ಡೊನೇಷನ್’ ಕಂಡಾಗ ಅವಳ ಮನಸ್ಸು ಕಾಲೇಜಿನ ಕೌಂಟರಿಗೆ ಹೋದರೆ ಉತ್ತರ ತಪ್ಪುತ್ತದೆ.

ಹಾಗಾದರೆ ಏನು ಮಾಡಬೇಕು? ಹಾಳೆಯನ್ನು ಈಗಿನಂತೆಯೇ ಬಾಯಿಪಾಠ ಮಾಡಿದರೆ ಗುರುತು ಪರಿಚಯವಿಲ್ಲದ ಪದವನ್ನು ಊಹಿಸುವ ಧೈರ್ಯ ಬರುತ್ತದೆ, ಆದರೆ ಕಂಡಿಷನ್, ಕ್ರೆಡಿಟ್‌ಗಳಲ್ಲಿ ಆದಂತೆ ಆ ಧೈರ್ಯವೇ ಕೆಡಿಸುತ್ತದೆ. ಕ್ಲಾಟ್ 2020ರಿಂದ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುವ ಪರೀಕ್ಷೆಯಾಗಿದೆ. ಪದದ ಅರ್ಥ ಕೇಳಿದರೂ ಆ ಸಾಲಿನಲ್ಲಿ ಅದು ಪಡೆದ ಅರ್ಥವನ್ನೇ ಕೇಳುತ್ತಾರೆ, ಮೂಲ ಯಾವುದೆಂದು ಅಲ್ಲ. ರೂಟ್ ಪೂರ್ತಿ ಬಿಟ್ಟು ಇಂಗ್ಲಿಷ್–ಕನ್ನಡ ಪದಪಟ್ಟಿ ಹಿಡಿದರೆ ಗ್ರಾಂಟ್, ಕನ್‌ಫರ್, ಬಿಸ್ಟೋ ಎಲ್ಲದರ ಎದುರಿಗೂ ‘ನೀಡು’ ಎಂದೇ ಇರುತ್ತದೆ, ಈಗಿನ ಕಷ್ಟವೇ ಮುಂದುವರಿಯುತ್ತದೆ. ಬರೀ ಪತ್ರಿಕೆ ಓದುತ್ತ ಹೋಗುವುದು ಎಲ್ಲಕ್ಕಿಂತ ಗಟ್ಟಿಯಾದ ದಾರಿ, ಆದರೆ ನಿಧಾನ. ಡಿಸೆಂಬರಿನ ಪರೀಕ್ಷೆ ಹತ್ತಿರವಿರುವಾಗ ಅದೊಂದನ್ನೇ ನೆಚ್ಚಿಕೊಳ್ಳಲು ನಾನು ಹೇಳುವುದಿಲ್ಲ.

ಕ್ರಮವನ್ನು ತಿರುಗಿಸಿ ಎಂಬುದು ನನ್ನ ಸಲಹೆ. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನೋ ಸುಪ್ರೀಂ ಕೋರ್ಟಿನ ತೀರ್ಪಿನ ವರದಿಯನ್ನೋ ಓದಲಿ. ಅದರಲ್ಲಿ ಕೊಡುವ, ಬಿಡುವ, ಒಪ್ಪಿಸುವ ಪದ ಕಂಡರೆ ಇಡೀ ವಾಕ್ಯವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಲಿ. ಕೆಳಗೆ ಕನ್ನಡದಲ್ಲಿ ಬರೆಯಲಿ: ಕೊಟ್ಟವರು ಯಾರು, ಪಡೆದವರು ಯಾರು, ತಿರುಗಿ ಬರುತ್ತದೆಯೇ, ಇಷ್ಟದಿಂದಲೋ ಒತ್ತಾಯಕ್ಕೋ, ನಾವಾಗಿದ್ದರೆ ಇಲ್ಲಿ ಯಾವ ಪದ ಬಳಸುತ್ತಿದ್ದೆವು. ಆಮೇಲೆ ನಿಘಂಟಿನಲ್ಲಿ ಅದರ ಮೂಲ ನೋಡಲಿ. ವ್ಯುತ್ಪತ್ತಿ ಕೊಡುವ ದೊಡ್ಡ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಬೇಕು, ಜೇಬಿನ ನಿಘಂಟಿನಲ್ಲಿ ಅದು ಇರುವುದಿಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ದಿನಕ್ಕೆ ಮೂರು ನಾಲ್ಕು ಪದ ಸಾಕು. ಮೊದಲ ಎರಡು ವಾರ ತುಂಬ ನಿಧಾನ ಅನ್ನಿಸುತ್ತದೆ, ಕೋಚಿಂಗಿನ ಜೊತೆಗಾರರು ನೂರು ಪದ ಮುಂದಿದ್ದಾರೆಂದು ಅವಳಿಗೆ ದಿಗಿಲಾಗಬಹುದು. ಆಗ ನೀವು ಬೈಯದೆ ಜೊತೆಗಿರಿ. ‘ಗಿವ್ ಅಪ್’, ‘ಗಿವ್ ಇನ್’, ‘ಗಿವ್ ವೇ’ ತರಹದ ಜೋಡಿಗಳಿಗೆ ಆ ನೋಟ್‌ಬುಕ್ಕಿನಲ್ಲಿ ಬೇರೆ ಪುಟ ಇರಲಿ. ಗದ್ಯಭಾಗಗಳಲ್ಲಿ ಅವು ಬರುತ್ತಲೇ ಇರುತ್ತವೆ, ಯಾವ ರೂಟ್ ಹಾಳೆಯಲ್ಲೂ ಸಿಗುವುದಿಲ್ಲ.

ಕೋಚಿಂಗ್ ಬಿಡಿಸುವ ಅಗತ್ಯ ನನಗೆ ಕಾಣುವುದಿಲ್ಲ. ತಪ್ಪಾದ ನಾಲ್ಕು ಪದಗಳನ್ನು ಮಗಳೇ ನಿಘಂಟಿನಲ್ಲಿ ಹುಡುಕಿ, ಆ ಪುಟದ ಫೋಟೋ ತೆಗೆದುಕೊಂಡು ಅಲ್ಲಿಯ ಮೇಷ್ಟ್ರಿಗೆ ತೋರಿಸಲಿ. ಹಾಳೆ ತಿದ್ದಿಸಿದರೆ ಉಳಿದ ಮಕ್ಕಳಿಗೂ ಉಪಕಾರ. ತಿದ್ದದಿದ್ದರೆ ಮುಂದಿನ ಹಾಳೆಗಳ ಪ್ರತಿಯೊಂದು ಪದವನ್ನೂ ಅವಳು ಮನೆಯಲ್ಲಿ ನಿಘಂಟಿನ ಜೊತೆ ಹೋಲಿಸಿಯೇ ಓದಬೇಕಾಗುತ್ತದೆ.